ಬ್ಯಾಂಕಾಕಿನ ಮೂರು ತಾಣ: ರೊಕ್ಕಕ್ಕೆ ತಕ್ಕದ್ದು ಯಾವುದು?

ಹುಬ್ಬಳ್ಳಿ-ಧಾರವಾಡದಿಂದ ಗುಂಪು ಕಟ್ಟಿಕೊಂಡು ಹೊರಟವರು ಪ್ಯಾಕೇಜಿನಲ್ಲಿ ‘ಅರ್ಧ ದಿನ ಟೆಂಪಲ್ ಟೂರ್’ ಅಂತಿದ್ದರೆ ಅದನ್ನು ತೆಗೆಸಿ, ಒಂದಿಡೀ ದಿನ ಖಾಲಿ ಇಟ್ಟುಕೊಳ್ಳಿ. ಗ್ರ್ಯಾಂಡ್ ಪ್ಯಾಲೇಸ್ ಅರಮನೆ, ವಾಟ್ ಫೋ ಮತ್ತು ವಾಟ್ ಅರುಣ್ ಎಂಬ ಬೌದ್ಧ ದೇವಾಲಯಗಳು, ಮೂರೂ ಒಂದಕ್ಕೊಂದು ಹತ್ತಿರ. ಮೆಟ್ರೊ ನೀಲಿ ಮಾರ್ಗದ ಸನಾಮ್ ಚಾಯ್ ನಿಲ್ದಾಣದಲ್ಲಿ ಇಳಿದರೆ ಗೈಡೂ ಬೇಡ.

ಅರಮನೆಗೆ 8:30ಕ್ಕೆ, ಬಾಗಿಲು ತೆಗೆಯುವ ಹೊತ್ತಿಗೇ ಹೋಗಬೇಕು. ತಡವಾದರೆ ಟೂರ್ ಬಸ್ಸುಗಳ ನೂಕುನುಗ್ಗಲು, ಮೇಲೆ ನಮ್ಮ ಏಪ್ರಿಲ್ ಬಿಸಿಲಿಗೆ ಕಾರವಾರದ ಬೆವರು ಕೂಡಿಸಿದಂಥ ಸೆಕೆ. ಟಿಕೆಟ್ 500 ಬಾತ್ (ಥಾಯ್ ರೊಕ್ಕ). ಚಡ್ಡಿ, ತೋಳಿಲ್ಲದ ಅಂಗಿ, ಹರಿದ ಜೀನ್ಸ್ ನಡೆಯುವುದಿಲ್ಲ. ದಾರಿಯಲ್ಲಿ ಯಾರೋ ನಗುನಗುತ್ತ ‘ಇವತ್ತು ಅರಮನೆ ಬಂದ್’ ಎಂದು ಟುಕ್‌ಟುಕ್ ತೋರಿಸಿದರೆ ಹತ್ತಬೇಡಿ, ಆ ಸವಾರಿ ಹರಳಿನ ಅಂಗಡಿಗೋ ದರ್ಜಿ ಅಂಗಡಿಗೋ ಹೋಗಿ ನಿಲ್ಲುತ್ತದೆ.

ಒಳಗಿನ ಪಚ್ಚೆ ಬುದ್ಧನ ಎತ್ತರ ಬರೀ 66 ಸೆಂ.ಮೀ. ಎತ್ತರದ ಪೀಠದ ಮೇಲಿರುವುದರಿಂದ ಕತ್ತೆತ್ತಿ ದೂರದಿಂದಲೇ ನೋಡಬೇಕು, ಫೋಟೊ ತೆಗೆಯುವಂತಿಲ್ಲ. ಹೆಚ್ಚು ಹೊತ್ತು ಕೊಡಬೇಕಾದದ್ದು ಪ್ರಾಕಾರದ ಗೋಡೆಗೆ. ಥಾಯ್ ರಾಮಾಯಣ ‘ರಾಮಕಿಯೆನ್’ 178 ಚಿತ್ರಗಳಲ್ಲಿದೆ, ಉತ್ತರದ ಬಾಗಿಲಿನಿಂದ ಪ್ರದಕ್ಷಿಣೆ ಹಾಕಿದರೆ ಕಥೆ ಸಾಲಾಗಿ ಬರುತ್ತದೆ. ಕಥೆ ಗೊತ್ತಿರುವ ನಮಗೆ ಇದೇ ಹಬ್ಬ. ಹನುಮಂತ ಮಾತ್ರ ನಮ್ಮ ಬ್ರಹ್ಮಚಾರಿಯಲ್ಲ, ವಿಭೀಷಣನ ಮಗಳನ್ನೇ ಒಲಿಸಿಕೊಂಡ ರಸಿಕ!

ಆದರೂ ಒಂದೇ ಜಾಗ ನೋಡಲು ಸಮಯವಿದ್ದರೆ ವಾಟ್ ಫೋ. 300 ಬಾತ್. ಮಲಗಿದ ಬುದ್ಧ 46 ಮೀಟರ್ ಉದ್ದ. ಕಂಬಗಳ ಸಂದಿಯಲ್ಲಿ ಇಡೀ ಮೂರ್ತಿ ಒಂದೇ ನೋಟಕ್ಕೆ ಸಿಗದು, ಪಾದದ ಕಡೆ ನಿಂತರೆ ಸಿಗುತ್ತದೆ. ಅಂಗಾಲಿನ ಮೇಲೆ ಮುತ್ತಿನ ಚಿಪ್ಪಿನಲ್ಲಿ 108 ಶುಭಚಿಹ್ನೆಗಳಿವೆ. ಹಿಂಬದಿ 108 ಕಂಚಿನ ಬಟ್ಟಲುಗಳಿಗೆ ಒಂದೊಂದೇ ನಾಣ್ಯ ಹಾಕುತ್ತ ಹೋಗುವ ಸದ್ದು ಕಿವಿಗೆ ಹಿತ. ಚಿಲ್ಲರೆ ಅಲ್ಲೇ ಸಿಗುತ್ತದೆ. ಜನ ಇಷ್ಟಕ್ಕೇ ಹೊರಬೀಳುತ್ತಾರೆ. ಹಿಂದಿನ ಅಂಗಳಗಳು ಅರ್ಧ ಖಾಲಿ, ನೆರಳೂ ಇದೆ.

ತಾ ತಿಯೆನ್ ದಕ್ಕೆಯಿಂದ 5 ಬಾತ್ ಕೊಟ್ಟು ನದಿ ದಾಟಿದರೆ ವಾಟ್ ಅರುಣ್. ಲಕ್ಕುಂಡಿಯ ಕೆತ್ತನೆಗೆ ಹೋಲಿಸಬೇಡಿ. ಇದು ಇಟ್ಟಿಗೆ ಗೋಪುರಕ್ಕೆ ಪಿಂಗಾಣಿ ಚೂರು ಮೆತ್ತಿದ ಕೆಲಸ, ಹತ್ತಿರ ಹೋದಷ್ಟೂ ಚಂದ. ಮೆಟ್ಟಿಲು ಕಡಿದಾಗಿದೆ, ಮೊಣಕಾಲು ನೋವಿದ್ದವರು ಕೆಳಗಿನಿಂದಲೇ ನೋಡುವುದು ಲೇಸು.

ಸಸ್ಯಾಹಾರಿಗಳಿಗೆ ದೊಡ್ಡ ತೊಡಕು ಮೀನಿನ ಸಾಸ್, ಕಾಯಿಪಲ್ಯದ ಹುರಿಗೂ ಅದೇ ಬೀಳುತ್ತದೆ. ಹಳದಿ ಬಾವುಟದ ಮೇಲೆ ಕೆಂಪಕ್ಷರವಿರುವ ‘ಜೇ’ (ಶುದ್ಧ ಸಸ್ಯಾಹಾರದ) ಅಂಗಡಿ ಹುಡುಕಿ, ಅಲ್ಲಿ ಬೆಳ್ಳುಳ್ಳಿಯೂ ಇರುವುದಿಲ್ಲ. ಬ್ಯಾಗಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದರೆ ಮಧ್ಯಾಹ್ನದ ಚಿಂತೆಯೂ ಇಲ್ಲ.