'38' ಎಂದು ಚೀಟಿ ಅಂಟಿಸಿದ ಡೈ ಸೆಟ್ ಕೊಳ್ಳುವ ಮುನ್ನ ಇದನ್ನು ಓದಿ

ಅಮೆರಿಕದಲ್ಲಿದ್ದುಕೊಂಡು ಹಳೆಯ ರಿವಾಲ್ವರ್‌ಗೆ ತೋಟಾಗಳನ್ನು ಮನೆಯಲ್ಲೇ ಮರುಭರ್ತಿ ಮಾಡಿಕೊಳ್ಳುವ ಕನ್ನಡಿಗರು ಹೆಚ್ಚು ಮಂದಿ ಇರಲಾರರು. ಇರುವಷ್ಟು ಜನರಿಗಾದರೂ ಈ ಮಾತು ತಲುಪಲಿ. ಪೆನ್ಸಿಲ್ವೇನಿಯಾದ ಒಂದು ಗನ್ ಶೋನಲ್ಲಿ ಒಬ್ಬ ವ್ಯಾಪಾರಿ '38 ಎಸ್ ಆಂಡ್ ಡಬ್ಲ್ಯು' ಎಂಬ ಚೀಟಿ ಅಂಟಿಸಿದ ಹಳೆಯ ಡೈ ಸೆಟ್ಟೊಂದನ್ನು ನನಗೆ ಮಾರಿದ. ಡೈ ಎಂದರೆ ಹಾರಿಸಿದ ತೋಟಾದ ಹಿತ್ತಾಳೆ ಕೇಸನ್ನು ಮತ್ತೆ ಅಳತೆಗೆ ತಂದು ಹೊಸ ಗುಂಡು ಕೂರಿಸುವ ಅಚ್ಚು; ಚೀಟಿಯ ಮೇಲಿದ್ದದ್ದು ಸ್ಮಿತ್ ಆಂಡ್ ವೆಸನ್ ಕಂಪನಿಯ ಒಂದು ತೋಟಾದ ಹೆಸರು. ಒಳಗಿದ್ದದ್ದು 38 ಸ್ಪೆಷಲ್ ಎಂಬ ಬೇರೆಯೇ ತೋಟಾದ ಡೈಗಳು. ಒಂದರ ಬುಡ ಕೊಯ್ದು ಗಿಡ್ಡ ಮಾಡಿ, ಮೇಲೆ ಕೊರೆದಿದ್ದ ಅಕ್ಷರಗಳನ್ನು ಉಜ್ಜಿ ಅಳಿಸಿ, ಹೊಸ ಹೆಸರಿಟ್ಟು ಮೇಜಿನ ಮೇಲೆ ಇಟ್ಟಿದ್ದರು.

'38 ಎಂದರೆ 38 ತಾನೇ' ಎನ್ನುವವರು ಗಮನಿಸಿ. ಸ್ಮಿತ್ ಆಂಡ್ ವೆಸನ್ 1877ರಲ್ಲಿ ತಂದ ಪುಟ್ಟ 38 ಎಸ್ ಆಂಡ್ ಡಬ್ಲ್ಯುವಿನ ಹಿತ್ತಾಳೆ ಕೇಸು ಬುಡದಲ್ಲಿ 0.386 ಇಂಚು ದಪ್ಪ, 0.775 ಇಂಚು ಉದ್ದ. ಅದರ ಗುಂಡು 0.361 ಇಂಚು. 38 ಸ್ಪೆಷಲ್‌ನ ಕೇಸು 0.379 ಇಂಚು ದಪ್ಪ, 1.155 ಇಂಚು ಉದ್ದ. ಸೀಸದ ಗುಂಡು 0.358 ಇಂಚು. ಅಂದರೆ ಗಿಡ್ಡನೆಯದೇ ದಪ್ಪ, ಉದ್ದನೆಯದು ತೆಳು. ಇಷ್ಟಾದರೂ ಎರಡರ ಬುಡದ ಅಂಚಿನ ಅಳತೆ ಒಂದೇ, 0.440 ಇಂಚು. ಹಾಗಾಗಿ ಕೇಸನ್ನು ಡೈಯೊಳಗೆ ಒತ್ತುವ ಪ್ರೆಸ್‌ನಲ್ಲಿ ಆ ಅಂಚನ್ನು ಹಿಡಿಯುವ ಶೆಲ್ ಹೋಲ್ಡರ್ ಎರಡಕ್ಕೂ ಒಪ್ಪುತ್ತದೆ. ಡೈಯ ಹೊರಗಿನ ತಿರುಪಿನ ಸುತ್ತು ಹೇಗೂ ಬಹುತೇಕ ಎಲ್ಲಕ್ಕೂ ಒಂದೇ. ಎಲ್ಲವೂ ತಂತಮ್ಮ ಜಾಗದಲ್ಲಿ ಸಲೀಸಾಗಿ ಕೂರುತ್ತವೆ. ಮೋಸ ಅಡಗಿಕೊಳ್ಳುವುದೂ ಅಲ್ಲೇ.

ನನ್ನದು ಎರಡನೇ ಮಹಾಯುದ್ಧ ಕಾಲದ ಬ್ರಿಟಿಷ್ ರಿವಾಲ್ವರ್, ವೆಬ್ಲಿ ಮಾರ್ಕ್ 4. ಬ್ರಿಟಿಷರು 380 ಎಂದು ಕರೆದದ್ದು ಇದೇ 38 ಎಸ್ ಆಂಡ್ ಡಬ್ಲ್ಯು ಕೇಸನ್ನೇ. ಕೋಲ್ಟ್ ಕಂಪನಿ ಅದನ್ನೇ '38 ಕೋಲ್ಟ್ ನ್ಯೂ ಪೊಲೀಸ್' ಎಂದು ಕರೆಯಿತು. ನಳಿಗೆಯ ಮೇಲೆ ಈ ಹೆಸರು ಕಂಡರೆ ಬೇರೆ ಡೈ ಹುಡುಕಿ ಅಲೆಯಬೇಡಿ. ನನ್ನ ವೆಬ್ಲಿಯ ನಳಿಗೆಯೊಳಗೆ ಮೆತ್ತನೆಯ ಸೀಸ ತೂರಿಸಿ ಅಳೆದಾಗ 0.362 ಇಂಚು ಬಂದಿತ್ತು. ಅದಕ್ಕೆ ತಕ್ಕಂತೆ 0.361ರ ಸೀಸದ ಗುಂಡುಗಳನ್ನೇ ತರಿಸಿದ್ದೆ.

ಮೊದಲ ಡೈಯಿಂದ, ಅಂದರೆ ಕೇಸನ್ನು ಕುಗ್ಗಿಸಿ ಅಳತೆಗೆ ತರುವ ಸೈಜಿಂಗ್ ಡೈಯಿಂದ, ಕೇಸು ಹೊರಬಂದ ಕೂಡಲೇ ಏನೋ ಎಡವಟ್ಟಾಗಿದೆ ಎನಿಸಿತು. ಹಿಡಿಕೆ ಒತ್ತಲು ಬೇಕಾದ ಬಲ ಅತಿಯಾಗಿತ್ತು. ಕೇಸಿನ ಅಂಚಿಗಿಂತ ತುಸು ಮೇಲೆ, ಡೈಯ ಬಾಯಲ್ಲಿರುವ ಉಂಗುರ ತಲುಪಲಾಗದ ಕಡೆ, ಉಗುರಿಗೆ ಸಿಕ್ಕುವಂಥ ಒಂದು ಮೆಟ್ಟಿಲು ಬಿದ್ದಿತ್ತು. ಕ್ಯಾಲಿಪರ್ ಇಟ್ಟರೆ ಮೆಟ್ಟಿಲಿನ ಕೆಳಗೆ 0.385, ಮೇಲೆ 0.375. 0.010 ಇಂಚಿನಷ್ಟು ಹಿತ್ತಾಳೆಯನ್ನು ಒಂದೇ ಒತ್ತಿಗೆ ಹಿಂಡಿದರೆ ಅದು ಎಷ್ಟು ದಿನ ತಡೆದೀತು? ಹಾರಿಸಿದಾಗ ತೋಟಾ ಕೂರುವ ಅಗಲವಾದ ಗೂಡಿನಲ್ಲಿ (ಚೇಂಬರ್) ಉಬ್ಬುತ್ತದೆ, ಡೈಯಲ್ಲಿ ಮತ್ತೆ ಕುಗ್ಗುತ್ತದೆ. ಕೆಲವೇ ಸುತ್ತಿನಲ್ಲಿ ಬಾಯಿಯ ಬಳಿ ಬಿರುಕು ಬಿಡುತ್ತದೆ. 38 ಎಸ್ ಆಂಡ್ ಡಬ್ಲ್ಯು ಕೇಸುಗಳು ಸುಲಭಕ್ಕೆ ಸಿಗುವ ಸರಕೂ ಅಲ್ಲ.

ಕೇಸು ಹಾಳಾಗುವುದು ಕಣ್ಣಿಗೆ ಕಾಣುತ್ತದೆ. ಗುಂಡು ಹಾಳಾಗುವುದು ಕಾಣುವುದಿಲ್ಲ. ಗುಂಡು ಕೂರಲೆಂದು ಕೇಸಿನ ಬಾಯಿ ಅಗಲಿಸುವ ಕಡ್ಡಿ, ಎಕ್ಸ್‌ಪ್ಯಾಂಡರ್, ಸೆಟ್‌ನಲ್ಲಿದ್ದದ್ದು 0.355ರದ್ದು. ಅಷ್ಟು ಬಿಗಿ ಕೇಸಿಗೆ 0.361ರ ಸೀಸವನ್ನು ಒತ್ತಿದರೆ ಹಿತ್ತಾಳೆ ಹಿಗ್ಗುವುದಿಲ್ಲ, ಸೀಸವೇ ಸೋಲುತ್ತದೆ. ಭರ್ತಿ ಮಾಡಿದ ತೋಟಾವೊಂದನ್ನು ಗುಂಡು ಕೀಳುವ ಸುತ್ತಿಗೆಯಲ್ಲಿ ಬಡಿದು ಬಿಚ್ಚಿದೆ. ಹೊರಗೆ ಕಾಣುತ್ತಿದ್ದ ಮೂತಿಯ ಭಾಗ 0.361 ಇದ್ದರೆ, ಕೇಸಿನೊಳಗಿದ್ದ ಬುಡ 0.357ಕ್ಕೆ ಇಳಿದಿತ್ತು. ಇಂಥ ಗುಂಡು 0.362ರ ನಳಿಗೆಯಲ್ಲಿ ಚಡಿಗಳನ್ನು ಭದ್ರವಾಗಿ ಹಿಡಿಯುವುದಿಲ್ಲ. ಬಿಸಿ ಅನಿಲ ಪಕ್ಕದಿಂದ ನುಗ್ಗಿ ಸೀಸವನ್ನು ಕರಗಿಸಿ ನಳಿಗೆಗೆ ಬಳಿಯುತ್ತದೆ. ಗುರಿಹಲಗೆಯ ಕಾಗದದಲ್ಲಿ ದುಂಡನೆಯ ತೂತಿನ ಬದಲು ಗುಂಡು ಅಡ್ಡ ಬಿದ್ದು ಹೋದ ಉದ್ದನೆಯ ಸೀಳುಗಳು ಬಂದಿದ್ದವು. ನಳಿಗೆ ಉಜ್ಜಿ ಶುಚಿ ಮಾಡಲು ಇಡೀ ಸಂಜೆ ಹಿಡಿಯಿತು.

ಇನ್ನು ಕೊಯ್ದ ಡೈ. ಯಾವುದನ್ನು ಗಿಡ್ಡ ಮಾಡಬಹುದು, ಯಾವುದನ್ನು ಮಾಡಬಾರದು ಎಂಬ ಬಗ್ಗೆ ಬಹಳ ಜನರಲ್ಲಿ ಗೊಂದಲವಿದೆ. ಸೈಜಿಂಗ್ ಡೈಯ ಬಾಯಲ್ಲೇ ಟಂಗ್‌ಸ್ಟನ್ ಕಾರ್ಬೈಡ್ ಉಂಗುರ ಕೂತಿರುತ್ತದೆ. ಬುಡ ಕೊಯ್ದರೆ ಮೊದಲು ಹೋಗುವುದು ಆ ಉಂಗುರವೇ. ಕಲ್ಲಿನಷ್ಟು ಗಟ್ಟಿ, ಅಷ್ಟೇ ಪೆಡಸು. ಶೆಲ್ ಹೋಲ್ಡರ್ ಜೋರಾಗಿ ತಾಗಿದರೂ ಸೀಳಬಹುದು. ಅಷ್ಟಕ್ಕೂ ಅದನ್ನು ಗಿಡ್ಡ ಮಾಡುವ ಅಗತ್ಯವೇ ಇಲ್ಲ. ಕೇಸು ಎಷ್ಟೇ ಗಿಡ್ಡವಿರಲಿ, ಉಂಗುರದ ಮೂಲಕ ಹಾದುಹೋಗುತ್ತದೆ. ಕೇಸಿನ ಬುಡದಲ್ಲಿ ಕಿಡಿ ಹೊತ್ತಿಸುವ ಹಳೆಯ ಪ್ರೈಮರನ್ನು ತಳ್ಳುವ ಕಡ್ಡಿಯನ್ನು ಕೆಳಗಿಳಿಸಿಕೊಂಡರಾಯಿತು. ತೊಡಕಿರುವುದು ಗುಂಡು ಕೂರಿಸಿ ಕ್ರಿಂಪ್ ಹಾಕುವ, ಅಂದರೆ ಕೇಸಿನ ಬಾಯನ್ನು ಗುಂಡಿಗೆ ಬಿಗಿಯಾಗಿ ಒತ್ತುವ, ಸೀಟಿಂಗ್ ಡೈಯಲ್ಲಿ. ಒಳಗಿನ ಕ್ರಿಂಪ್ ಅಂಚು ಉದ್ದನೆಯ ಕೇಸಿಗೆ ತಕ್ಕ ಎತ್ತರದಲ್ಲಿರುತ್ತದೆ. ಗಿಡ್ಡ ಕೇಸಿನ ಬಾಯಿ ಅಲ್ಲಿಗೆ ಮುಟ್ಟುವ ಮೊದಲೇ ಶೆಲ್ ಹೋಲ್ಡರ್ ಡೈಗೆ ತಾಗುತ್ತದೆ. ಈ ಡೈಯ ಬುಡವನ್ನು ಲೇತ್‌ನಲ್ಲಿ ಇಳಿಸುವುದು ತಪ್ಪಲ್ಲ, ತಿಳಿದವರು ಮಾಡುತ್ತಾರೆ. ಆದರೆ ಕೊಯ್ದ ಮುಖ ಅಕ್ಷಕ್ಕೆ ನೇರ ಲಂಬವಾಗಿರಬೇಕು, ಒಳ ಅಂಚನ್ನು ನಯವಾಗಿ ಓರೆ ಮಾಡಿರಬೇಕು. ನನಗೆ ಸಿಕ್ಕಿದ್ದನ್ನು ಗಾಜಿನ ಮೇಲೆ ನಿಲ್ಲಿಸಿದರೆ ಒಂದು ಕಡೆಗೆ ವಾಲುತ್ತಿತ್ತು. ಒಳ ಅಂಚಿನ ಚೂಪು ಪ್ರತಿ ಗುಂಡಿನಿಂದಲೂ ಒಂದು ಎಳೆ ಸೀಸ ಹೆರೆದು ಶೆಲ್ ಹೋಲ್ಡರ್ ಮೇಲೆ ಉದುರಿಸುತ್ತಿತ್ತು.

ಇದು ಬರೀ ಡೈಯ ಕಥೆಯೂ ಅಲ್ಲ. ಯುದ್ಧಕಾಲದಲ್ಲಿ ಸ್ಮಿತ್ ಆಂಡ್ ವೆಸನ್ ಬ್ರಿಟನ್ನಿಗೆ ಕಳುಹಿಸಿದ 38 ಎಸ್ ಆಂಡ್ ಡಬ್ಲ್ಯು ರಿವಾಲ್ವರ್‌ಗಳಲ್ಲಿ ಹಲವು ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಮರಳಿದವು. ಯಾರ್‍ಯಾರೋ ಚೇಂಬರನ್ನು ಆಳವಾಗಿ ಕೊರೆದು ಅವನ್ನು 38 ಸ್ಪೆಷಲ್ ಎಂದು ಮಾರಿದರು. ಚೇಂಬರಿನ ಹಿಂಭಾಗ ಮೊದಲೇ ಅಗಲವಾದದ್ದು. ಕೊರೆದರೆ ಆಳ ಹೆಚ್ಚೀತೇ ಹೊರತು ಅಗಲ ತಗ್ಗುತ್ತದೆಯೇ? ಅಂಥವುಗಳಲ್ಲಿ ಸ್ಪೆಷಲ್ ಕೇಸುಗಳು ಬುಡದಲ್ಲಿ ಉಬ್ಬುತ್ತವೆ, ಒಮ್ಮೊಮ್ಮೆ ಸೀಳುತ್ತವೆ. ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ.

38ಕ್ಕಿಂತ ಚಿಕ್ಕವಾದ 32ರ ತೋಟಾಗಳ ಕುಟುಂಬದಲ್ಲಿ ಪರಿಸ್ಥಿತಿ ಸ್ವಲ್ಪ ವಾಸಿ. 1878ರ 32 ಎಸ್ ಆಂಡ್ ಡಬ್ಲ್ಯು (0.605 ಇಂಚು ಉದ್ದ), 1896ರ ಲಾಂಗ್ (0.920), 1984ರ 32 ಎಚ್ ಆಂಡ್ ಆರ್ ಮ್ಯಾಗ್ನಂ (1.075), ಈ ಮೂರರ ದಪ್ಪ ಒಂದೇ, 0.337 ಇಂಚು. ಒಂದೇ ಸೈಜಿಂಗ್ ಡೈ ಮೂರಕ್ಕೂ ಸಲ್ಲುತ್ತದೆ. ಅತಿ ಗಿಡ್ಡನೆಯದಕ್ಕೆ ಕ್ರಿಂಪ್ ಹಾಕುವಾಗ ಮಾತ್ರ ಲಾಂಗ್ ಡೈ ಕೈಕೊಡುತ್ತದೆ; ಅದಕ್ಕೆ 32 ಎಸಿಪಿ ಪಿಸ್ತೂಲಿನ ಸೀಟಿಂಗ್ ಡೈ ಬಳಸಿದರೆ ಏನನ್ನೂ ಕೊಯ್ಯದೆ ಕೆಲಸ ಮುಗಿಯುತ್ತದೆ. ಎಡವುವುದು 32 ಲಾಂಗ್ ಕೋಲ್ಟ್ ವಿಷಯದಲ್ಲಿ. ಅದರ ಕೇಸು 0.318 ಇಂಚು ಮಾತ್ರ. ಎಸ್ ಆಂಡ್ ಡಬ್ಲ್ಯು ಲಾಂಗ್ ಡೈಯೊಳಗೆ ಅದು ಎಲ್ಲೂ ತಾಗದೆ ಹೋಗಿ ಬರುತ್ತದೆ.

ಊರಿನ ಓದುಗರಿಗೂ ಒಂದು ಮಾತು. ಕಾನ್ಪುರದ ಸರ್ಕಾರಿ ಕಾರ್ಖಾನೆಯ 32 ರಿವಾಲ್ವರ್ ಬಳಸುವುದು ಈ 32 ಎಸ್ ಆಂಡ್ ಡಬ್ಲ್ಯು ಲಾಂಗ್ ಅಳತೆಯ ತೋಟಾವನ್ನೇ. ಹಾಗೆಂದು ಇದನ್ನು ಓದಿ ಯಾರೂ ಡೈ ತರಿಸಲು ಹೊರಡಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ತೋಟಾ ತಯಾರಿಕೆಗೆ ಬೇರೆಯೇ ಪರವಾನಗಿ ಬೇಕು. ರಿವಾಲ್ವರ್ ಇಟ್ಟುಕೊಳ್ಳುವ ಪರವಾನಗಿ ಅದಕ್ಕೆ ಸಾಲದು. ಇಲ್ಲಿ ಅಮೆರಿಕದಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳಲು ಕೇಂದ್ರ ಸರ್ಕಾರದ ಪರವಾನಗಿ ಬೇಡ, ಮಾರುವುದಾದರೆ ಬೇಕು.

ಹಳೆಯ ಸೆಟ್ ಕೊಳ್ಳುವವರು ಚೀಟಿಯನ್ನು ನಂಬದೆ ಡೈಯ ನೆತ್ತಿಯ ಮೇಲೆ ಕೊರೆದ ಅಕ್ಷರ ನೋಡಿ. ಅಕ್ಷರವಿಲ್ಲದೆ ಅಲ್ಲಿ ಉಜ್ಜಿದ ಹೊಳಪಿದ್ದರೆ ಕೆಳಗಿಡಿ. ಎಕ್ಸ್‌ಪ್ಯಾಂಡರ್ ತಿರುಗಿಸಿ ತೆಗೆದು ಅಳೆಯಿರಿ: ಗುಂಡಿನ ಅಳತೆಗಿಂತ 0.001–0.002 ಇಂಚು ಕಡಿಮೆ ಇರಬೇಕು, 0.361ರ ಗುಂಡಿಗೆ 0.359ರ ಆಸುಪಾಸು. ಜೇಬಿನಲ್ಲಿ ಒಂದು ಖಾಲಿ ಕೇಸು ಒಯ್ದು, ಸೈಜಿಂಗ್ ಡೈಯ ಬಾಯಿಗಿಟ್ಟು ಉಂಗುರದ ಒಳ ಅಳತೆಯನ್ನು ಹೋಲಿಸಿ ನೋಡಿ. ಆರ್‌ಸಿಬಿಎಸ್, ಲೀ ಕಂಪನಿಗಳು 38 ಎಸ್ ಆಂಡ್ ಡಬ್ಲ್ಯುಗೆಂದೇ ಡೈ ತಯಾರಿಸಿವೆ. ಸ್ವಲ್ಪ ಕಾದರೆ ಸಿಗುತ್ತವೆ.

ಮುಂದಿನ ಶೋನಲ್ಲಿ ಆ ವ್ಯಾಪಾರಿಯ ಮುಂದೆ ಮೆಟ್ಟಿಲು ಬಿದ್ದ ಕೇಸನ್ನೂ ಕಿತ್ತ ಗುಂಡನ್ನೂ ಇಟ್ಟೆ. ಕೇಸನ್ನು ಬೆರಳಲ್ಲಿ ಉರುಳಿಸಿ ನೋಡಿ, 'ಹಳೆಯ ಮಾಲು, ಇದ್ದ ಹಾಗೆ ಕೊಟ್ಟಿದ್ದು' ಎಂದ. ನಗದಿಗೆ ಕೊಟ್ಟದ್ದು, ರಸೀದಿ ಇಲ್ಲ; ಹಣ ಬರಲಿಲ್ಲ. ಅವನ ಮೇಜಿನ ಮೇಲೆ ಅದೇ ಕೈಬರಹದಲ್ಲಿ '32 ಲಾಂಗ್ ಕೋಲ್ಟ್' ಎಂದು ಬರೆದ ಇನ್ನೊಂದು ಡಬ್ಬ ಇತ್ತು. ತೆರೆದು ನೋಡುತ್ತೇನೆ ಎಂದಾಗ, ಕೊಳ್ಳುವವರಿಗಷ್ಟೇ ತೆರೆಯುವುದು ಎಂದು ಆಚೆ ಸರಿಸಿದ.