ಕುಪ್ಪಳಿಯ ಕವಿಮನೆ: ಶಾಲಾ ಪ್ರವಾಸಕ್ಕೆ ಕನಿಷ್ಠ ಅರ್ಧ ದಿನ ಬೇಕು

ಚಳ್ಳಕೆರೆ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವ ನಾನು, ಮಕ್ಕಳನ್ನು ಕರೆದುಕೊಂಡು ಕುವೆಂಪು ಅವರು ಬೆಳೆದ ಕುಪ್ಪಳಿಯ ಕವಿಮನೆಗೆ ಎರಡು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ಪ್ರವಾಸವನ್ನು ಏಜೆನ್ಸಿಯೊಂದಕ್ಕೆ ಒಪ್ಪಿಸಿದ್ದೆವು. ಶೃಂಗೇರಿಯ ದರ್ಶನ ಮತ್ತು ಆಗುಂಬೆಯ ಸೂರ್ಯಾಸ್ತದ ನಡುವೆ ಅವರು ಕವಿಮನೆಗೆ ಇಟ್ಟದ್ದು ನಲವತ್ತು ನಿಮಿಷ. ಮಕ್ಕಳು ಸಾಲಾಗಿ ಒಳಹೊಕ್ಕು, ಪ್ರಶಸ್ತಿಗಳ ಹೆಸರನ್ನೂ ಇಸವಿಯನ್ನೂ ಗಡಿಬಿಡಿಯಲ್ಲಿ ಬರೆದುಕೊಂಡು, ಸಾಲಾಗಿಯೇ ಹೊರಬಂದರು. ಬಸ್ಸಿನಲ್ಲಿ ಕೇಳಿದರೆ, ಜ್ಞಾನಪೀಠ ಬಂದದ್ದು 1967ರಲ್ಲಿ ಎಂದು ಎಲ್ಲರೂ ಹೇಳಿದರು. ಮನೆಯ ಅಂಗಳ ಒಳಗಿತ್ತೋ ಹೊರಗಿತ್ತೋ ಎಂದರೆ ಒಬ್ಬರಿಗೂ ನೆನಪಿರಲಿಲ್ಲ. ಇಸವಿಯನ್ನು ಪಠ್ಯಪುಸ್ತಕದಲ್ಲೇ ಓದಬಹುದಿತ್ತು, ಅದಕ್ಕಾಗಿ ಇನ್ನೂರು ಕಿಲೋಮೀಟರ್ ಹೋಗಬೇಕಾಗಿರಲಿಲ್ಲ ಎಂಬ ಕೊರಗು ನನ್ನಲ್ಲಿ ಉಳಿಯಿತು.

ಎರಡನೆಯ ಸಲ ಮೊದಲೇ ಪತ್ರ ಬರೆದು ತಿಳಿಸಿ, ಹಿಂದಿನ ರಾತ್ರಿ ತೀರ್ಥಹಳ್ಳಿಯಲ್ಲಿ ತಂಗಿ, ಬೆಳಗ್ಗೆ ಕೊಪ್ಪದ ರಸ್ತೆ ಹಿಡಿದು ಕುಪ್ಪಳಿಗೆ ಹೋದೆವು. ಮೂವತ್ತೆಂಟು ಮಕ್ಕಳಿದ್ದರು. ಅಷ್ಟು ಜನ ಒಂದೇ ಕೋಣೆಯಲ್ಲಿ ನಿಂತರೆ ಯಾರಿಗೂ ಏನೂ ಕಾಣುವುದಿಲ್ಲವಾದ್ದರಿಂದ ಎರಡು ಗುಂಪು ಮಾಡಿ, ಒಂದನ್ನು ಮನೆಯೊಳಗೆ ಬಿಟ್ಟು ಇನ್ನೊಂದನ್ನು ಹತ್ತಿರದ ಕವಿಶೈಲ ಎಂಬ ಗುಡ್ಡಕ್ಕೆ ಹತ್ತಿಸಿ, ಆಮೇಲೆ ಅದಲುಬದಲು ಮಾಡಿದೆವು. ಈ ಏರ್ಪಾಟನ್ನು ಬೇರೆ ಶಾಲೆಯವರೂ ಅನುಸರಿಸಲಿ ಎಂಬುದು ನನ್ನ ಮೊದಲ ಸಲಹೆ.

ಮನೆಯ ಬಗ್ಗೆ ಹೇಳುವುದು ಬಹಳವಿದೆ. ಇದು ಮಲೆನಾಡಿನ ತೊಟ್ಟಿಮನೆ: ಮೂರು ಅಂತಸ್ತು, ಹೆಂಚಿನ ಇಳಿಜಾರು ಮಾಡು, ದಪ್ಪ ಮರದ ಕಂಬಗಳು, ನಡುವೆ ಆಕಾಶಕ್ಕೆ ತೆರೆದ ಅಂಗಳ, ಅದರಲ್ಲಿ ತುಳಸಿಕಟ್ಟೆ. ನಮ್ಮ ಮಕ್ಕಳು ಹುಟ್ಟಿ ಬೆಳೆದದ್ದು ಮಣ್ಣಿನ ಚಪ್ಪಟೆ ಮಾಳಿಗೆಯ ಮನೆಗಳಲ್ಲಿ; ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಿಸಿ, ಬೇಸಿಗೆಯಲ್ಲಿ ಅಲ್ಲೇ ಮಲಗುವವರು. ಇಲ್ಲಿ ಹತ್ತಿ ಮಲಗಲು ಮಾಳಿಗೆಯೇ ಇಲ್ಲವಲ್ಲ ಎಂದು ಒಬ್ಬ ಹುಡುಗ ಕೇಳಿದ. ಆ ಪ್ರಶ್ನೆಯ ಮೇಲೆಯೇ ಅರ್ಧ ಗಂಟೆಯ ಪಾಠ ನಡೆಯಿತು. ಇದೇ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ನಮ್ಮ ಕಡೆ ಐನೂರರ ಆಸುಪಾಸು. ಇಲ್ಲಿಯ ಮಳೆಗೆ ನಮ್ಮ ಮಾಳಿಗೆ ಒಂದು ವಾರವೂ ನಿಲ್ಲದು ಎಂಬುದನ್ನು ಅವರೇ ಲೆಕ್ಕ ಹಾಕಿ ಹೇಳಿದರು. ಸುತ್ತಲಿನ ಮಾಡಿನಿಂದ ಒಳಕ್ಕೆ ಇಳಿಯುವ ನೀರು ಅಂಗಳದಿಂದ ಹೊರಕ್ಕೆ ಹೋಗುವುದು ಹೇಗೆ ಎಂದು ಹುಡುಕುತ್ತ ನಾಲ್ಕು ಜನ ಅಂಗಳದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತುಬಿಟ್ಟರು. ಕವಿಯ ಮನೆಯಲ್ಲಿ ಸಮಾಜ ವಿಜ್ಞಾನದ ಪಾಠವೇ ಎಂದು ಯಾರಾದರೂ ಕೇಳಿಯಾರು. ಮಳೆ, ಕಾಡು, ಗದ್ದೆಗಳನ್ನು ಅರಿಯದೆ ಕುವೆಂಪು ಅವರನ್ನು ಓದುವುದು ಕಷ್ಟ ಎಂದೇ ನನ್ನ ನಂಬಿಕೆ.

ಎರಡು ಸಂಗತಿಗಳನ್ನು ಶಿಕ್ಷಕರು ತಪ್ಪದೆ ಹೇಳಬೇಕು. ಕುವೆಂಪು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಕುಪ್ಪಳಿ ಅವರು ಬೆಳೆದ ಮನೆ. ಇನ್ನೊಂದು, ಈಗ ನಾವು ಕಾಣುವುದು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನದ ಶ್ರಮದಿಂದ ಜೀರ್ಣೋದ್ಧಾರಗೊಂಡ ಮನೆ. ಹಳೆಯದನ್ನು ಮತ್ತೆ ನಿಲ್ಲಿಸಲು ಎಷ್ಟು ಕೈಗಳು ದುಡಿಯಬೇಕಾಯಿತು ಎಂಬುದೂ ಮಕ್ಕಳಿಗೆ ತಿಳಿಯಬೇಕಾದ ಇತಿಹಾಸವೇ.

ನನ್ನ ಮಟ್ಟಿಗೆ ಬಹಳ ಫಲ ಕೊಟ್ಟ ಪಾಠ ಕೂಲಿಮಠದ್ದು, ಅಂದರೆ ಹಳೆಯ ಕಾಲದ ಖಾಸಗಿ ಶಾಲೆಯದ್ದು. ಬಾಲಕ ಪುಟ್ಟಪ್ಪನಿಗೆ ಮೊದಲ ಅಕ್ಷರಗಳನ್ನು ಕಲಿಸಿದವರು ದಕ್ಷಿಣ ಕನ್ನಡದಿಂದ ಕರೆಸಿಕೊಂಡಿದ್ದ ಐಗಳು. ತೀರ್ಥಹಳ್ಳಿಯ ಶಾಲೆಗೆ ಸೇರುವ ಮೊದಲು ಪುಟ್ಟಪ್ಪನಿಗೆ ಮನೆಯೇ ಶಾಲೆಯಾಗಿತ್ತು. ಇದನ್ನು ತರಗತಿಯಲ್ಲಿ ಹೇಳಿದಾಗ ತಲೆಯಾಡಿಸಿದ್ದ ಮಕ್ಕಳು, ಆ ಮನೆಯಲ್ಲೇ ನಿಂತು ಕೇಳಿದಾಗ ಐಗಳು ಎಲ್ಲಿ ಕೂರುತ್ತಿದ್ದರು, ಹೆಣ್ಣುಮಕ್ಕಳಿಗೂ ಕಲಿಸುತ್ತಿದ್ದರೇ ಎಂದು ಮೇಲಿಂದ ಮೇಲೆ ಪ್ರಶ್ನೆ ಹಾಕಿದರು. ನನಗೆ ಉತ್ತರ ತಿಳಿಯದ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಬಂದು ಶಾಲೆಯ ಗ್ರಂಥಾಲಯದಲ್ಲಿ ಹುಡುಕಲು ಅವರಿಗೇ ಒಪ್ಪಿಸಿದೆ.

ಮನೆಬಳಕೆಯ ಪಾತ್ರೆ ಪರಡಿಗಳು, ಕವಿಯ ಉಡುಪು, ಪುಸ್ತಕಗಳ ಮುದ್ರಣಗಳು, 1937ರ ಅವರ ಮದುವೆಯ ಮಂಟಪ ಇವೆಲ್ಲ ಒಳಗಿವೆ. ಪ್ರತಿ ಮಗುವೂ ಒಂದೇ ವಸ್ತುವನ್ನು ಆರಿಸಿಕೊಂಡು ಹತ್ತು ನಿಮಿಷ ಅದರ ಮುಂದೆ ನಿಂತು ಚಿತ್ರ ಬರೆಯಬೇಕೆಂದು ಹೇಳಿದ್ದೆ. ಒಳಗೆ ಫೋಟೋ ತೆಗೆಯುವಂತಿಲ್ಲದಿರುವುದು ಇದಕ್ಕೆ ಅನುಕೂಲವೇ ಆಯಿತು. ಅಡುಗೆಮನೆಯ ಪಾತ್ರೆಯೊಂದನ್ನು ಬರೆದ ಹುಡುಗಿ, ಅದರ ಪಕ್ಕದಲ್ಲಿ ತನ್ನ ಅಜ್ಜಿಯ ಪಾತ್ರೆಯನ್ನೂ ನೆನಪಿನಿಂದ ಬರೆದು, ಎರಡಕ್ಕೂ ತನ್ನ ಮನೆಮಾತಿನ ಹೆಸರು ಕೊಟ್ಟಿದ್ದಳು. ಆ ಹಾಳೆ ಈಗಲೂ ನಮ್ಮ ತರಗತಿಯ ಗೋಡೆಯ ಮೇಲಿದೆ.

ಕವಿಶೈಲದಲ್ಲಿ ಸುತ್ತ ನಿಲ್ಲಿಸಿದ ದೊಡ್ಡ ಕಲ್ಲುಗಳ ನಡುವೆ 1994ರಲ್ಲಿ ತೀರಿಕೊಂಡ ಕವಿಯ ಸಮಾಧಿಯಿದೆ. ಅಲ್ಲಿಯ ಬಂಡೆಯ ಮೇಲೆ ಕುವೆಂಪು, ಬಿ.ಎಂ.ಶ್ರೀ. ಮತ್ತು ಕುವೆಂಪು ಅವರ ಗುರು ಟಿ.ಎಸ್. ವೆಂಕಣ್ಣಯ್ಯ ಅವರ ಹಸ್ತಾಕ್ಷರಗಳನ್ನು ಕೆತ್ತಲಾಗಿದೆ. ವೆಂಕಣ್ಣಯ್ಯನವರು ನಮ್ಮ ಚಳ್ಳಕೆರೆಯ ತಳುಕಿನವರು ಎಂದೊಡನೆ ಮಕ್ಕಳೆಲ್ಲ ಬಂಡೆಯ ಸುತ್ತ ಮುತ್ತಿಕೊಂಡರು. ದಿನವೂ ಹಾಡುವ ನಾಡಗೀತೆಯನ್ನು ಅಲ್ಲಿ ನಿಂತು ಹಾಡಿದಾಗ ಯಾರೂ ರಾಗ ಎಳೆಯಲಿಲ್ಲ, ಯಾರೂ ಅವಸರಪಡಲಿಲ್ಲ.

ಮಳೆಗಾಲದಲ್ಲಿ ಉಂಬಳದ (ಜಿಗಣೆಯ) ಕಾಟವಿರುತ್ತದೆ, ಬಂಡೆಯೂ ಜಾರುತ್ತದೆ. ಚಿಕ್ಕ ಮಕ್ಕಳನ್ನು ನವೆಂಬರ್ ನಂತರ ಕರೆತರುವುದು ಒಳ್ಳೆಯದು. ಪಾಠದ ಹಾಳೆಗಳನ್ನು ಶಿಕ್ಷಕರೇ ತಯಾರಿಸಿಕೊಂಡು ಹೋಗಬೇಕು. ಮುಂದಿನ ತಂಡವನ್ನು ಜನವರಿಯಲ್ಲಿ ಕರೆದೊಯ್ಯುವುದೆಂದು ನಿಶ್ಚಯಿಸಿದ್ದೇವೆ. ಆಗುಂಬೆಯನ್ನು ಕೈಬಿಟ್ಟು, ಇಡೀ ದಿನವನ್ನು ಕುಪ್ಪಳಿಗೇ ಇಟ್ಟಿದ್ದೇವೆ.