ಕೆಲಸದಲ್ಲಿ ಕಲಿಕೆಯೋ, ಶಾಲೆಯಲ್ಲಿ ಸಮಾನತೆಯೋ: ಎಂ.ಎ. ಶಿಕ್ಷಣದ ಐಚ್ಛಿಕ ವಿಷಯ ಆರಿಸುವವರಿಗೆ

ಮೊದಲು ಕ್ಷೇತ್ರಕಾರ್ಯ ನೋಡಿ. ಹೆಚ್ಚಿನವರು ಎಡವುವುದು ಅಲ್ಲೇ. ಕೆಲಸದ ಕಲಿಕೆಗೆ ಅಂಗಡಿ, ಕಾರ್ಖಾನೆ ಅಥವಾ ಆಸ್ಪತ್ರೆಯೊಳಗೆ ವಾರಗಟ್ಟಲೆ ಕೂತು ಗಮನಿಸಬೇಕು, ಮಾಲೀಕರ ಒಪ್ಪಿಗೆ ಲಿಖಿತವಾಗಿರಬೇಕು. ಅರ್ಧದಲ್ಲಿ ಬಾಗಿಲು ಮುಚ್ಚಿದರೆ ಪ್ರಬಂಧವೂ ನಿಂತಿತು. ಸಮಾನತೆಯ ವಿಷಯದಲ್ಲಿ ಯುಡೈಸ್ ಪ್ಲಸ್‌ನ (ದೇಶದ ಶಾಲೆಗಳ ಸರ್ಕಾರಿ ಮಾಹಿತಿ ಸಂಗ್ರಹ) ಅಂಕಿಅಂಶ ಇಟ್ಟುಕೊಂಡೇ ಶುರುಮಾಡಬಹುದು. ಮಕ್ಕಳೊಂದಿಗೆ ಮಾತಾಡಬೇಕೆಂದರೆ ಮಾತ್ರ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅನುಮತಿ, ಪೋಷಕರ ಒಪ್ಪಿಗೆ ಎರಡನ್ನೂ ಏಪ್ರಿಲ್-ಮೇ ರಜೆಗೆ ಮುಂಚೆಯೇ ಪಡೆದುಕೊಳ್ಳಿ.

ಓದಿನ ಸ್ವರೂಪವೂ ಬೇರೆ. ಗ್ಯಾರೇಜಿಗೆ ಸೇರಿದ ಹುಡುಗ ಮೊದಲು ಪಾನಾ ಎತ್ತಿಕೊಡುತ್ತಾನೆ, ಆಮೇಲೆ ನಟ್ಟು ಬಿಚ್ಚುತ್ತಾನೆ, ಕೊನೆಗೆ ಇಂಜಿನ್ನಿನ ಸದ್ದಿನಲ್ಲೇ ದೋಷ ಹಿಡಿಯುತ್ತಾನೆ. 1991ರಲ್ಲಿ ಕಲಿಕೆಯ ಸಂಶೋಧಕರಾದ ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ ವಿವರಿಸಿದ್ದು ಹೀಗೆ ಅಂಚಿನಿಂದ ಒಳಗೆ ಸರಿಯುವ ಕಲಿಕೆಯನ್ನೇ. ಸಮಾನತೆಯಲ್ಲಿ ಕಾನೂನು, ಜಾತಿ, ಭಾಷೆ, ಅಂಕಿಅಂಶ ಎಲ್ಲ ಒಟ್ಟಿಗೆ ಬರುತ್ತವೆ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) 2009ರ ಸೆಕ್ಷನ್ 12(1)(ಸಿ) ಖಾಸಗಿ ಶಾಲೆಗಳ ಆರಂಭಿಕ ತರಗತಿಯಲ್ಲಿ ದುರ್ಬಲ ಮತ್ತು ಅವಕಾಶವಂಚಿತ ವರ್ಗಗಳ ಮಕ್ಕಳಿಗೆ ಕನಿಷ್ಠ 25% ಸೀಟು ಮೀಸಲಿಟ್ಟಿತು. ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಆ ಸೀಟು ಇಲ್ಲವೆಂದು ಕರ್ನಾಟಕ 2019-20ರಿಂದ ನಿಯಮ ಬದಲಿಸಿತು. ಇದರಿಂದ ಯಾವ ಮಕ್ಕಳಿಗೆ ಏನಾಯಿತು ಎಂಬುದೊಂದೇ ಒಳ್ಳೆಯ ಪ್ರಬಂಧಕ್ಕೆ ಸಾಕು.

ಕಂಪನಿ ತರಬೇತಿ, ಐಟಿಐ, ಕೌಶಲ್ಯ ಯೋಜನೆಗಳತ್ತ ಹೋಗುವವರಿಗೆ ಮೊದಲನೆಯದು. ಶಿಕ್ಷಣ ನೀತಿ, ಸ್ವಯಂಸೇವಾ ಸಂಸ್ಥೆ, ಸಂಶೋಧನೆಗೆ ಎರಡನೆಯದು. ಈಗಾಗಲೇ ಶಿಕ್ಷಕರಾಗಿದ್ದು ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಸಹೋದ್ಯೋಗಿಗಳಿಗೆ ತರಬೇತಿ ಕೊಡುವ ಆಸೆಯಿದ್ದರೆ ಕೆಲಸದ ಕಲಿಕೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ: ಶಿಕ್ಷಕರಿಗೂ ಶಾಲೆ ಕೆಲಸದ ಜಾಗವೇ ತಾನೆ.